ಸಂತೆಗೊಂದು ಹಳದಿ ಗುಳಿಗೆ

ನಾನು ಬಾಯಿಂದ ಬದುಕಿದವಳು. ಇಳಕಲ್ಲಿನ ಸೀರೆ, ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಸಂತೆಯಿಂದ ಸಂತೆಗೆ ತಿರುಗಿ ಮಾರುವುದು ನನ್ನ ಕಸುಬು. ಬಟ್ಟೆ ಎಲ್ಲರ ಹತ್ತಿರವೂ ಅದೇ ಇರುತ್ತದೆ, ಗಿರಾಕಿಯನ್ನು ಎಳೆಯುವುದು ಬಾಯಿ. "ಬಾರವಾ ತಂಗಿ, ಮುಟ್ಟಿ ನೋಡು, ನೋಡಿದ್ರ ಸವೆಯೂದಿಲ್ಲ" ಎಂದು ನಾನು ಕೂಗಿದರೆ ಹುನಗುಂದದ ಸಂತೆಯ ಆ ತುದಿಯಲ್ಲಿ ಬದನೆಕಾಯಿ ಆರಿಸುತ್ತಿದ್ದವಳು ಈ ಕಡೆ ಕತ್ತು ತಿರುಗಿಸುತ್ತಿದ್ದಳು. ಅಂಥ ಬಾಯಿ ಒಮ್ಮೆ ಹತ್ತೊಂಬತ್ತು ದಿನ ಮುಚ್ಚಿಕೊಂಡಿತ್ತು. ನನ್ನ ಅಣ್ಣ ಈಗಲೂ ಚಾಷ್ಟಿ ಮಾಡುತ್ತಾನೆ, ಆ ಹತ್ತೊಂಬತ್ತು ದಿನ ಓಣಿಗೆ ಓಣಿಯೇ ಕಿವಿ ತಣ್ಣಗೆ ಮಾಡಿಕೊಂಡಿತ್ತು ಎಂದು. ಈಗ ನಾನೂ ನಗುತ್ತೇನೆ. ಆಗ ನಗು ಬರುವ ಮಾತಾಗಿರಲಿಲ್ಲ.

ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ದವಾಖಾನೆಯ ಕಾಟಿನ ಮೇಲೆ ಮಲಗಿ, ನಾನೇ ಏನೋ ತಪ್ಪು ಮಾಡಿಕೊಂಡಿದ್ದೇನೆ ಎಂದು ಗೋಡೆ ಕಡೆ ಮುಖ ಮಾಡಿದವರು ಇನ್ನೂ ಎಷ್ಟೋ ಮಂದಿ ಇರುತ್ತಾರೆ. ಅವರ ಪಕ್ಕದಲ್ಲಿ ಒಂದಿಷ್ಟು ಹೊತ್ತು ಕೂತ ಹಾಗಾಗಲಿ ಎಂದು ಬರೆಯುತ್ತಿದ್ದೇನೆ.

ನನ್ನ ಹೆಸರು ಗಂಗವ್ವ. ಗಂಡ ತೀರಿಕೊಂಡ ಮೇಲೆ ಇಳಕಲ್ಲಿನಲ್ಲಿ ಅಣ್ಣನ ಮನೆಯ ಹಿತ್ತಲ ಕೋಣೆಯಲ್ಲಿದ್ದೆ. ಅಣ್ಣ ಮಗ್ಗದವನು, ಅವನ ಹೆಂಡತಿ ನಮ್ಮ ವೈನಿ ನೂಲಿನ ಕಂಡಿಕೆ ಸುತ್ತುವವಳು, ಮಕ್ಕಳು ನನಗಿಲ್ಲ. ನಲವತ್ತು ದಾಟಿದ ಮೇಲೆ ಬೆರಳಿನ ಕೀಲುಗಳು ಬಾತುಕೊಳ್ಳತೊಡಗಿದವು. ಮುಂಜಾನೆ ಎದ್ದರೆ ಮುಷ್ಟಿ ಕಟ್ಟಲಾಗದು, ಗಂಟು ಬಿಚ್ಚಲಾಗದು. ಸಂತೆಯಲ್ಲಿ ನನ್ನ ಪಕ್ಕ ಬಳೆಯ ಬುಟ್ಟಿ ಇಡುವ ಹುಸೇನಬಿಯೇ ನನ್ನ ಗಂಟು ಬಿಚ್ಚಿಕೊಡುತ್ತಿದ್ದಳು. "ನಿನ್ನ ಕೈ ಹಿಂಗಾದ್ರ ನಾ ಬಳಿ ಯಾರಿಗೆ ಇಡಸ್ಲಿ ಗಂಗವ್ವಾ, ದವಾಖಾನಿಗೆ ಹೋಗ" ಎಂದು ಜೀವ ತಿಂದವಳೂ ಅವಳೇ.

ಬಾಗಲಕೋಟೆ ಆಗ ಎರಡಾಗಿತ್ತು. ಅಣೆಕಟ್ಟಿನ ಹಿನ್ನೀರು ಏರಿದಂತೆ ಹಳೇ ಊರು ಖಾಲಿಯಾಗುತ್ತಿತ್ತು, ನವನಗರ ತುಂಬುತ್ತಿತ್ತು. ನಾನು ಹೋದ ದವಾಖಾನೆಯೂ ಅರ್ಧ ಅಲ್ಲಿ, ಅರ್ಧ ಇಲ್ಲಿ ಇತ್ತು. ದೊಡ್ಡ ಡಾಕ್ಟರು ಕೂಡುವುದು ನವನಗರದ ಹೊಸ ಕಟ್ಟಡದಲ್ಲಿ. ಅವರು ವಯಸ್ಸಾದ ಹೆಣ್ಣುಮಗಳು, ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಗುಳಿಗೆ ಕೊಡುವ ಕಿಟಕಿ ಮಾತ್ರ ಇನ್ನೂ ಹಳೇ ಊರಿನಲ್ಲೇ ಉಳಿದಿತ್ತು. ಡಾಕ್ಟರ್ ಬಾಯಿ ನನ್ನ ಕೈ ಹಿಡಿದು ಒಂದೊಂದೇ ಬೆರಳು ಒತ್ತಿ ನೋಡಿ, ಇದು ಪೂರ್ತಿ ಹೋಗುವ ಬೇನೆಯಲ್ಲ, ಆದರೆ ಹತೋಟಿಯಲ್ಲಿ ಇಡಬಹುದು ಎಂದು ಹೇಳಿ ಇಂಗ್ಲಿಷಿನಲ್ಲಿ ಚೀಟಿ ಬರೆದುಕೊಟ್ಟರು. ಅದನ್ನು ಹಿಡಿದು ಬಸ್ಸು ಹತ್ತಿ ಹಳೇ ಊರಿಗೆ ಬಂದೆ.

ಕಿಟಕಿಯ ಹಿಂದೆ ಕಮಲಾ ಸಿಸ್ಟರ್ ಒಬ್ಬರೇ. ಗುಳಿಗೆ ಎಣಿಸಿಕೊಡುವ ಕಂಪೌಂಡರ್ ಕೆಲಸ ಬಿಟ್ಟು ಹೋಗಿದ್ದನಂತೆ. ನನ್ನ ಹಿಂದೆ ಸರದಿ ಬೀದಿಯ ತನಕ ಇತ್ತು. ಅವರು ಹಳದಿ ಗುಳಿಗೆ ಹನ್ನೆರಡು, ಬಿಳಿಯವು ಒಂದು ಮುಷ್ಟಿ ಬೇರೆ ಬೇರೆ ಚೀಲಕ್ಕೆ ಹಾಕಿ ನನ್ನ ಮುಖ ನೋಡಿ ಹೇಳಿದರು:

"ಛಂದಂಗ ಕೇಳಕ್ಕಾ. ಈ ಹಳದಿ ಗುಳಗಿ ಸಂತಿಗೆ ಹೋಗೂ ದಿನಾ ಮುಂಜಾನೆ ಒಂದು. ಉಳದ ದಿನಾ ಈ ಬಿಳಿವು. ಎರಡೂ ಕೂಡಿಸಿ ನುಂಗಬ್ಯಾಡ. ಮೂರು ತಿಂಗಳಿಗೆ ಕೊಟ್ಟೇನಿ. ತಿಳೀತಿಲ್ಲೊ?"

"ತಿಳೀತ್ರಿ" ಎಂದೆ. ತಿಳಿಯದೇ ಇರುವಂಥದ್ದು ಅದರಲ್ಲಿ ಏನಿತ್ತು?

ನಿಮಗೆ ಈಗಲೇ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಒಂದೊಂದು ಊರಿಗೆ ವಾರದ ಒಂದೊಂದು ದಿನ ಸಂತೆ. ಊರಿನವರಿಗೆ ವಾರಕ್ಕೊಂದೇ ಸಂತೆ ಬರುತ್ತದೆ. ನನಗೆ ಇಳಕಲ್ಲು ಒಂದು, ಹುನಗುಂದ ಒಂದು, ಅಮೀನಗಡ ಒಂದು, ಶಿರೂರು ಒಂದು, ಬಾದಾಮಿ ಕಡೆಯದು ಒಂದು, ವಾರಕ್ಕೆ ಐದು ದಿನ ಸಂತೆ. ಐದು ದಿನ ಹಳದಿ ನುಂಗಿದೆ, ಎರಡು ದಿನ ಬಿಳಿ. ಒಂದು ದಿನವೂ ತಪ್ಪಿಸಲಿಲ್ಲ. ಬಸ್ಸು ತಪ್ಪೀತು, ಗುಳಿಗೆ ತಪ್ಪಬಾರದು ಎಂದು ಹಿಂದಿನ ದಿನವೇ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದೆ. ಹನ್ನೆರಡು ಗುಳಿಗೆ ಮೂರನೇ ವಾರಕ್ಕೇ ಮುಗಿದವು. ಮೂರು ತಿಂಗಳದ್ದು ಎಂದು ಹೇಳಿ ಎಣಿಸುವಾಗ ಸಿಸ್ಟರ್ ತಪ್ಪಿರಬೇಕು ಎಂದುಕೊಂಡೆ. ನೋಡಿ, ಎಲ್ಲಿ ತಪ್ಪಿರಲಿಲ್ಲವೋ ಅಲ್ಲಿ ತಪ್ಪು ಹುಡುಕಿದೆ. ಇಳಕಲ್ಲಿನ ಔಷಧದ ಅಂಗಡಿಯಲ್ಲಿ ಚೀಟಿ ತೋರಿಸಿದೆ, ಅಂಗಡಿಯವನು ಏನೂ ಕೇಳದೆ ಇನ್ನೊಂದು ಪಟ್ಟಿ ಕೊಟ್ಟ.

ಬಾಯಿಯಲ್ಲಿ ಹುಣ್ಣು ಶುರುವಾಯಿತು. ಬಿಸಿಲಿನ ಕಾವು ಎಂದು ಕೊಬ್ಬರಿ ಅಗಿದೆ, ಬೆಣ್ಣೆ ಸವರಿಕೊಂಡೆ. ಹುಣ್ಣು ತುಟಿಗೆ ಬಂತು, ಗಂಟಲಿಗೆ ಇಳಿಯಿತು. ಭೇದಿ ಹತ್ತಿತು. ತಲೆ ಬಾಚಿದರೆ ಕೂದಲು ಹಣಿಗೆಯ ತುಂಬ. ಜ್ವರ ಬಂದು ಹದಿನೈದು ದಿನದಲ್ಲಿ ನನ್ನ ಕುಪ್ಪಸ ನನಗೇ ದೊಗಳೆಯಾಯಿತು.

ಆ ವರ್ಷಗಳಲ್ಲಿ ನಮ್ಮ ಕಡೆ ಒಂದು ರೋಗದ ಹೆಸರು ಎಲ್ಲರ ಬಾಯಲ್ಲೂ ಇತ್ತು, ಆದರೆ ಯಾರೂ ಹೆಸರು ಹಿಡಿದು ಹೇಳುತ್ತಿರಲಿಲ್ಲ. "ಆ ಬ್ಯಾನಿ" ಎನ್ನುತ್ತಿದ್ದರು. ಸೊರಗಿದವರು, ಬಾಯಿ ಹುಣ್ಣಾದವರು, ಊರೂರು ತಿರುಗುವವರು ಎಂದರೆ ಅದೇ ಎಂದು ತೀರ್ಮಾನ. ನಾನು ಗಂಡ ಇಲ್ಲದವಳು, ಐದು ಊರ ಬಸ್ಸು ಹತ್ತುವವಳು. ಇನ್ನೇನು ಬೇಕಿತ್ತು? ನೀರಿಗೆ ಹೋದರೆ ಕೊಡ ಹಿಡಿದ ಹೆಂಗಸರು ಒಂದು ಮಾರು ಸರಿದು ನಿಲ್ಲತೊಡಗಿದರು. ಒಂದು ದಿನ ನನ್ನ ಕೋಣೆಯ ಗೋಡೆಯ ಮಾಡದಲ್ಲಿ, ನಮ್ಮ ಕಡೆ ಜರ್ಮನ್ ಎನ್ನುವ ಅಲ್ಯುಮಿನಿಯಮ್ಮಿನ ಒಂದು ತಾಟು, ಒಂದು ತಂಬಿಗೆ ಕಂಡವು. ಮನೆಯಲ್ಲಿ ಎಲ್ಲರದೂ ಸ್ಟೀಲು.

"ವೈನಿ, ಇವು ಯಾರವು?" ಎಂದು ತೊದಲುತ್ತ ಕೇಳಿದೆ.

"ನಿನ್ನವ. ಬಾಯಿ ಹುಣ್ಣ ಐತಲ್ಲ, ಹಗೂರ ಇರ್ತಾವು" ಎಂದಳು. ಮುಖ ನನ್ನ ಕಡೆ ಇರಲಿಲ್ಲ. ಮಾತಿನಲ್ಲಿ ಒಂದು ಬಿರುಸೂ ಇರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವತ್ತಿನಿಂದ ಅವಳು ಊಟವನ್ನು ಹೊಸ್ತಿಲ ಮೇಲೆ ಇಟ್ಟು ಹೋಗುತ್ತಿದ್ದಳು.

ಒಂದು ಮುಂಜಾನೆ ಎದ್ದು ನಿಲ್ಲಲು ಹೋಗಿ ಬಿದ್ದೆ. ಅಣ್ಣ ಜೀಪು ಹಿಡಿದು ನವನಗರದ ದವಾಖಾನೆಗೆ ಒಯ್ದ. ಅಣ್ಣ ತೋರಿಸಿದ ಗುಳಿಗೆ ಪಟ್ಟಿಯನ್ನು ನೋಡಿ ಒಬ್ಬ ಎಳೆಯ ಡಾಕ್ಟರು ಹೌಹಾರಿದರು. "ವಾರಕ್ಕ ಒಂದು ನುಂಗೂದು ಇದು! ದಿನಾ ನುಂಗ್ಯಾರೇನು?" ಎಂದು ಅಣ್ಣನಿಗೆ ಕೇಳಿದರು. ಅಣ್ಣ ಏನು ಹೇಳಿಯಾನು? ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: "ಯಾಕ್ರಿ ಅಮ್ಮಾ, ಜೀವ ಬ್ಯಾಸರಾಗಿತ್ತೇನು?"

ಇಲ್ಲ ಎನ್ನಬೇಕು. ನಾಲಿಗೆ ಹೊರಳಲಿಲ್ಲ. ಬಾಯಿ ತೆರೆದರೆ ರಕ್ತ ಬಂತು. ಅವರು ಉತ್ತರಕ್ಕೆ ಕಾಯದೆ ಏನೋ ಬರೆದುಕೊಂಡು ಹೋದರು. ಅಣ್ಣ ಕಾಟಿನ ಬುಡದಲ್ಲಿ ನಿಂತು ನನ್ನನ್ನು ನೋಡುತ್ತಿದ್ದ, ಅವನ ಕಣ್ಣಲ್ಲಿ ನೀರಿತ್ತು. ತಂಗಿ ಸಾಯಲು ಹೋಗಿದ್ದಳು ಎಂದು ಅವನು ನಂಬಿದ್ದನ್ನು ನಾನು ಕಣ್ಣಾರೆ ಕಂಡೆ. "ಮಗ್ಗದ ಮ್ಯಾಲ ಸೀರಿ ಅರ್ಧಕ್ಕ ನಿಂತೈತಿ, ಬರ್ತೇನಿ" ಎಂದು ಹೋದವನು ಮತ್ತೆ ಬಂದದ್ದು ಬಿಡುಗಡೆಯ ದಿನವೇ.

ವಾರ್ಡಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಬಾಗಿಲು ತೆರೆಯುತ್ತಿದ್ದರು. ಬುತ್ತಿ ಗಂಟು, ಡಬ್ಬಿ, ಬಾಳೆಹಣ್ಣು ಹಿಡಿದ ಮಂದಿ ಒಳಗೆ ನುಗ್ಗುತ್ತಿದ್ದರು. ಆಚೆ ಕಾಟಿನವಳಿಗೆ ಅತ್ತೆ, ಈಚೆ ಕಾಟಿನವಳಿಗೆ ಮೂವರು ಅಕ್ಕಂದಿರು. ನನ್ನ ಕಾಟಿನ ಪಕ್ಕದ ಕಬ್ಬಿಣದ ಸ್ಟೂಲನ್ನು ಯಾರಾದರೂ ಬಂದು "ಯಾರರ ಕುಂಡ್ರಾವ್ರು ಅದಾರೇನ್ರಿ?" ಎಂದು ಕೇಳಿ ಎತ್ತಿಕೊಂಡು ಹೋಗುತ್ತಿದ್ದರು. ನಾನು ತಲೆ ಅಲ್ಲಾಡಿಸುತ್ತಿದ್ದೆ. ಬಾಗಿಲು ಹಾಕಿದ ಮೇಲೆ ಆ ಸ್ಟೂಲು ಎಲ್ಲೋ ದೂರ ಇರುತ್ತಿತ್ತು, ತಂದಿಡುವವರು ಇರುತ್ತಿರಲಿಲ್ಲ. ಹುಣ್ಣಿನ ಬೇನೆಯನ್ನು ತಡೆದುಕೊಂಡೆ, ಆ ಸ್ಟೂಲು ಹೋಗುವುದನ್ನು ನೋಡುವುದು ಆಗುತ್ತಿರಲಿಲ್ಲ.

ಐದನೇ ದಿನ ಸಂಜೆ ಆ ಸ್ಟೂಲು ಎತ್ತಿಕೊಂಡು ಬಂದು ಕೂತವರು ಕಮಲಾ ಸಿಸ್ಟರ್. ಹಳೇ ಊರಿನ ಕಿಟಕಿ ಮುಚ್ಚಿ, ಬಸ್ಸು ಹಿಡಿದು ಬಂದಿದ್ದರು. ವಾರ್ಡಿನ ಆಯಾ ಹೇಳಿದ್ದಳಂತೆ, ಇಳಕಲ್ಲಿನ ಖಣದಾಕೆ ಊಟ ಮಾಡುತ್ತಿಲ್ಲ, ಯಾರೂ ಬರುತ್ತಿಲ್ಲ ಎಂದು. ಅಂದಿನಿಂದ ದಿನಾ ಸಂಜೆ ಬಂದು ತಣ್ಣಗಾದ ಗಂಜಿಯನ್ನು ಚಮಚೆಯಲ್ಲಿ ತುಟಿ ತಾಗದ ಹಾಗೆ ಗಂಟಲಿಗೆ ಬಿಡುತ್ತಿದ್ದರು. "ಇದೊಂದ, ಇನ್ನೊಂದ, ಸಾಕು ಅನ್ನೂಮಟ ಇನ್ನೊಂದ" ಎನ್ನುತ್ತ ಅರ್ಧ ತಾಸು ಕೂಡುತ್ತಿದ್ದರು. ಬಾಯಿಗೆ ಔಷಧ ಹಚ್ಚಿ, ಉದುರಿದ ಕೂದಲನ್ನು ದಿಂಬಿನಿಂದ ಆಯ್ದು ಕಾಗದದಲ್ಲಿ ಸುತ್ತಿ ಒಯ್ಯುತ್ತಿದ್ದರು, ನಾನು ನೋಡಬಾರದು ಎಂದು. ಎಷ್ಟೋ ದಿನದಿಂದ ಯಾರೂ ಮುಟ್ಟದ ನನ್ನ ತಲೆಯ ಮೇಲೆ ಅವರ ಕೈ ಇತ್ತು. ನಾಲ್ಕು ಗಂಟೆಯ ಗದ್ದಲ ಮುಗಿದು ಅವರು ಬರುವ ಹೊತ್ತಿಗೆ ನಾನು ಬಾಗಿಲು ನೋಡತೊಡಗಿದೆ.

ಅವರು ಕಿಟಕಿಯಲ್ಲಿ ಹೇಳಿದ ಮಾತು ನನಗೆ ನೆನಪಿತ್ತು. ಆದರೆ ಜ್ವರದ ತಲೆ, ಕಿವಿ ನನ್ನದೇ ಕೆಟ್ಟಿರಬೇಕು ಎಂದುಕೊಂಡಿದ್ದೆ. ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು, ಕನ್ನಡ ಪೇಪರು ಮೊದಲಿಂದ ಕೊನೆತನಕ ಓದುವವಳು, ಇಷ್ಟು ಸಣ್ಣ ಮಾತು ತಪ್ಪು ಕೇಳಿಸಿಕೊಂಡೆನಲ್ಲ ಎಂದು ನಾಚಿಕೆಯಾಗುತ್ತಿತ್ತು.

ಹದಿನೈದನೇ ದಿನವಿರಬೇಕು. ಈಚೆ ಕಾಟಿನ ಹೆಂಗಸಿಗೆ ಬಿಡುಗಡೆಯಾಯಿತು. ಹೊಲಮನೆಯವಳು, ಅವಳಿಗೂ ಕೀಲುಬೇನೆಯ ಹಳದಿ ಗುಳಿಗೆ. ನನಗೆ ಗಂಜಿ ಕುಡಿಸಿ ಎದ್ದ ಕಮಲಾ ಸಿಸ್ಟರೇ ಅವಳ ಗುಳಿಗೆ ಚೀಲ ಕಟ್ಟಿಕೊಟ್ಟರು.

"ಈ ಹಳದಿದು ಸಂತಿಗೆ ಹೋಗೂ ದಿನಾ ಒಂದು. ಉಳದ ದಿನಾ ಬಿಳಿವು. ಮರೀಬ್ಯಾಡವಾ."

"ಎಲ್ಲಿ ಮರೀತೇನ್ರಿ, ಸಂತಿ ಮರತ್ರ ಒಲಿ ಹೊತ್ತೂದಿಲ್ಲ ನಮ್ಮನ್ಯಾಗ" ಎಂದು ಆ ಹೆಂಗಸು ನಕ್ಕಳು. "ಬರೂ ಸಂತಿಗೆ ಒಂದು, ಅದರ ಮುಂದಿನ ಸಂತಿಗೆ ಒಂದು. ವಾರಕ್ಕೊಂದಲ್ಲರಿ?"

"ಹೂಂ, ವಾರಕ್ಕೊಂದು" ಎಂದರು ಸಿಸ್ಟರ್.

ನನ್ನ ಕಿವಿ ಕೆಟ್ಟಿರಲಿಲ್ಲ. ಅವಳಿಗೆ ಹೇಳಿದ್ದೂ ನನಗೆ ಹೇಳಿದ್ದೂ ಅಕ್ಷರಕ್ಕೆ ಅಕ್ಷರ ಒಂದೇ. ಕೇಳಿದ ಹೆಂಗಸರು ಬೇರೆ, ಅಷ್ಟೇ. ಅವಳು ಸಂತೆಗೆ ಕೊಳ್ಳಲು ಹೋಗುವವಳು, ನಾನು ಮಾರಲು ಹೋಗುವವಳು.

ಆಗ ನನಗೆ ಅಷ್ಟಿಷ್ಟು ಮಾತು ಬರುತ್ತಿತ್ತು. ಅಲ್ಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಇದನ್ನು ಒಪ್ಪಿಕೊಳ್ಳುವುದು ಈಗಲೂ ಕಷ್ಟ. ಹೇಳಿದರೆ ಸಿಸ್ಟರ್ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು, ಖರೆ. ಅದಕ್ಕಿಂತ ದೊಡ್ಡ ಹೆದರಿಕೆ, ನಾಳೆಯಿಂದ ಅವರು ಬರುವುದಿಲ್ಲ ಎಂಬುದು. ಜಗತ್ತಿನಲ್ಲಿ ನನ್ನನ್ನು ಮುಟ್ಟುತ್ತಿದ್ದ ಕೈ ಅದೊಂದೇ. ಅದನ್ನು ಕಳೆದುಕೊಂಡು ನಾನು ಗೆಲ್ಲುವುದೇನು? ಸಾಯಲು ಹೊರಟವಳು ಎಂದು ಬರೆದುಕೊಂಡಿದ್ದರೆ ಬರೆದುಕೊಳ್ಳಲಿ, ಗಂಜಿ ಕುಡಿಸುವ ಕೈ ಉಳಿಯಲಿ ಎಂದುಕೊಂಡೆ. ಮೂರು ದಿನ ಹಾಗೇ ನುಂಗಿಕೊಂಡಿದ್ದೆ.

ನಾಲ್ಕನೇ ದಿನ ನಾಲ್ಕು ಗಂಟೆಯ ಗದ್ದಲದಲ್ಲಿ ಹುಸೇನಬಿ ಬಂದಳು. ಬಳೆಯ ಸಪ್ಪಳ ಕೇಳಿಯೇ ಗುರುತು ಸಿಕ್ಕಿತು. ನನ್ನನ್ನು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡು ಅತ್ತಳು. ಆಮೇಲೆ ಸುಧಾರಿಸಿಕೊಂಡು ತನ್ನ ಎರಡೂ ಮಣಿಕಟ್ಟು ಮುಂದೆ ಮಾಡಿದಳು, ಅವೂ ನನ್ನ ಬೆರಳುಗಳ ಹಾಗೆ ಬಾತಿದ್ದವು.

"ನಿನ್ನ ಡಾಕ್ಟರ್ ಬಾಯಿಗೇ ತೋರ್ಸಿದೆ. ನಿನ್ನವ ಗುಳಗಿ ಕೊಟ್ಟಾರ, ಹಳದಿವು. ನಾಕು ಸಂತಿ ಆದ್ವು, ನಾಕು ನುಂಗೇನಿ."

"ಎಷ್ಟು ದಿನದಾಗ?"

"ಈ ವಾರದಾಗ. ಯಾಕ?"

ಹುಣ್ಣಿನ ಬಾಯಿಂದ ನಾನು ಹೊರಡಿಸಿದ ಕೂಗಿಗೆ ವಾರ್ಡೆಲ್ಲ ತಿರುಗಿ ನೋಡಿತು. "ನುಂಗಬ್ಯಾಡ! ಹುಸೇನಬಿ, ಇನ್ನೊಂದ ನುಂಗಬ್ಯಾಡ!" ಹತ್ತೊಂಬತ್ತು ದಿನ ಮುಚ್ಚಿದ್ದ ಬಾಯಿ ತೆರೆದದ್ದು ಹೀಗೆ.

ಆಯಾ ಓಡಿ ಹೋಗಿ ಡಾಕ್ಟರ್ ಬಾಯಿಯವರನ್ನು ಕರೆತಂದಳು. ಅವರು ಮೊದಲು ಹುಸೇನಬಿಯ ಬಾಯಿ ನೋಡಿ, ರಕ್ತ ತಪಾಸಣೆಗೆ ಕಳಿಸಿ, ಆಮೇಲೆ ನನ್ನ ಕಾಟಿನ ಅಂಚಿಗೆ ಕೂತರು.

"ಎಲ್ಲಾ ಹೇಳ್ತೇನ್ರಿ ಬಾಯಾರ. ಯಾರ ಹೇಳಿದ್ರು ಅಂತ ಮಾತ್ರ ಕೇಳಬ್ಯಾಡ್ರಿ" ಎಂದೆ.

"ಕೇಳೂದಿಲ್ಲ. ನಮ್ಮಲ್ಲಿ ಆ ಪ್ರಶ್ನಿ ಇಲ್ಲ" ಎಂದರು. "ಏನು ಹೇಳಿದ್ರು, ನೀವು ಏನು ತಿಳಕೊಂಡ್ರಿ, ಆಮ್ಯಾಲ ಏನಾತು, ಅಷ್ಟ ಹೇಳ್ರಿ."

ನಾನು ನಂಬಲಿಲ್ಲ. ನಮ್ಮ ಓಣಿಯಲ್ಲಿ ಸೆರಗಿನ ಒಂದು ಎಳೆ ತಪ್ಪಿದರೂ ಮೊದಲು ಹೊರಡುವ ಮಾತು "ಯಾರು ನೇಯ್ದದ್ದು?" ಎಂಬುದೇ. ಆದರೂ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು. "ಶನಿವಾರ ನಮ್ಮದೊಂದು ಕೂಟ ಇರತೈತಿ, ಎಲ್ಲಿ ತಪ್ಪಾತು ಅಂತ ಎಲ್ಲಾರೂ ಕೂಡಿ ನೋಡೂದು. ಅಲ್ಲಿಗೆ ಬಂದು ಇದನ್ನ ಹೇಳ್ತೀರೇನು? ನಿಮ್ಮ ಮನಸ್ಸಿದ್ರ ಮಾತ್ರ."

ಅವತ್ತು ಸಂಜೆ ಕಮಲಾ ಸಿಸ್ಟರ್ ಬರಲಿಲ್ಲ. ಮರುದಿನವೂ ಇಲ್ಲ. ಆಯಾ ಗಂಜಿ ತಂದಳು, ನಾನೇ ಕುಡಿದೆ. ಸ್ಟೂಲು ಅಲ್ಲೇ ಇತ್ತು.

ಶನಿವಾರದ ಕೂಟ ದವಾಖಾನೆಯವರು ಊಟ ಮಾಡುವ ಕೋಣೆಯಲ್ಲಿ. ಡಾಕ್ಟರು, ಸಿಸ್ಟರು, ಆಯಾ, ರಕ್ತ ತಪಾಸಣೆಯವನು, ಎಲ್ಲರೂ ಒಂದೇ ಥರದ ಬೆಂಚಿನ ಮೇಲೆ. ಗೋಡೆಯ ಪಕ್ಕ, ಎಲ್ಲರಿಗಿಂತ ಹಿಂದೆ, ಕಮಲಾ ಸಿಸ್ಟರ್ ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ಡಾಕ್ಟರ್ ಬಾಯಿಯೇ ಮೊದಲು ಎದ್ದರು: "ನನ್ನಿಂದ ಶುರು ಮಾಡ್ತೇನಿ. ಚೀಟಿ ನಾ ಇಂಗ್ಲಿಷಿನಾಗ ಬರದೆ. ಇಂಥಾ ಗುಳಗಿ ಮೂರು ತಿಂಗಳದ್ದು ಒಮ್ಮೆಲೇ ಕೊಡ್ರಿ ಅಂತ ಬರದಾಕಿನೂ ನಾನ. ಆ ಕಿಟಕಿ ಮುಂದ ಏನು ನಡೀತೈತಿ ಅಂತ ಒಮ್ಮಿನೂ ಹೋಗಿ ನಿಂತು ನೋಡಿಲ್ಲ." ಆಮೇಲೆ ನನ್ನನ್ನು ಕರೆದರು.

ಸಂತೆಯಲ್ಲಿ ನೂರು ಮಂದಿಯ ಎದುರು ಕೂಗುವವಳು ಅಲ್ಲಿ ಬೆಂಚಿನ ಅಂಚು ಹಿಡಿದು ನಿಂತೆ. ಹೇಳಿದೆ. ಯಾರ ಹೆಸರನ್ನೂ ಎತ್ತದೆ, "ಕಿಟಕಿಯಲ್ಲಿ ಹೀಗೆ ಹೇಳಿದರು" ಎಂದೆ. ಮುಗಿಸಿ ಕೂತೆ.

"ಆ ಮಾತು ನಂದು." ಕಮಲಾ ಸಿಸ್ಟರ್ ಎದ್ದು ನಿಂತಿದ್ದರು.

"ಯಾರದಂತ ನಾವು ಕೇಳಿಲ್ಲ ಸಿಸ್ಟರ್" ಎಂದರು ಡಾಕ್ಟರ್ ಬಾಯಿ.

"ನೀವು ಕೇಳಿಲ್ರಿ, ನಾನ ಹೇಳಾಕತ್ತೇನಿ. ವಾರದ ಹೆಸರು ಹೇಳಿದ್ರ ಮರೀತಾರ, ಸಂತಿ ಮರಿಯೂದಿಲ್ಲ. ಭಾಳ ವರ್ಷದಿಂದ ಎಲ್ಲಾರಿಗೂ ಹಂಗ ಹೇಳೇನಿ. ಯಾರಿಗೂ ಏನೂ ಆಗಿರಲಿಲ್ಲ. ಸಂತ್ಯಾಗ ಕುಂತು ಮಾರಾವ್ರಿಗೂ ಕೀಲು ನೋಯ್ತಾವು ಅಂತ ನನ್ನ ತಲಿಗೆ ಬರಲೇ ಇಲ್ಲ." ಅಷ್ಟು ಹೇಳಿ ಕೂತುಬಿಟ್ಟರು.

ಆಮೇಲೆ ದವಾಖಾನೆಯವರೆಲ್ಲ ಮಾಡಿದ್ದು ನೋಡಿ ನನಗೆ ವಿಚಿತ್ರವೆನಿಸಿತು. ಕರಿಹಲಗೆಯ ಮೇಲೆ ನನ್ನ ಗುಳಿಗೆಯ ದಾರಿಯನ್ನು ಗೆರೆ ಎಳೆದು, ಎಲ್ಲೆಲ್ಲಿ ಯಾರಾದರೂ ತಡೆಯಬಹುದಿತ್ತು ಎಂದು ಗುರುತು ಹಾಕುತ್ತ ಹೋದರು. ಚೀಟಿ, ಸರದಿ, ಬಿಟ್ಟು ಹೋದ ಕಂಪೌಂಡರ್, ಎರಡು ಊರಿನ ನಡುವಿನ ಬಸ್ಸು. ಖರೆ ಹೇಳುತ್ತೇನೆ, ನನ್ನ ಹೊಟ್ಟೆ ಉರಿಯಿತು. ನನ್ನ ತಲೆ ಬೋಳಾಗಿದೆ, ಊರಲ್ಲಿ ನನ್ನ ಮಾನ ಹೋಗಿದೆ, ಇವರು ಸುಣ್ಣದ ಕಡ್ಡಿ ಹಿಡಿದು ಗೆರೆ ಎಳೆಯುತ್ತಿದ್ದಾರೆ. ಒಬ್ಬರಾದರೂ ಒಬ್ಬರನ್ನು ಬೈಯಬಾರದೇ ಎನಿಸಿತು. ಬೈದಿದ್ದರೆ ಯಾರನ್ನು ಬೈಯುತ್ತಿದ್ದರು? ಎಲ್ಲರಿಗಿಂತ ಹಿಂದೆ ಕೂತವರನ್ನೇ. ಅದು ಹೊಳೆದ ಮೇಲೆ ಸ್ವಲ್ಪ ತಣ್ಣಗಾದೆ.

ಎಳೆಯ ಡಾಕ್ಟರು ಎದ್ದು, "ಇನ್ನೊಂದು ಗುರುತು ಹಾಕ್ರಿ. ಜೀವ ಬ್ಯಾಸರಾಗಿತ್ತೇನಂತ ಕೇಳಿ, ನಾ ಉತ್ತರಕ್ಕ ನಿಲ್ಲಲಿಲ್ಲ. ನಿಂತಿದ್ರ ಆ ಬಳಿಗಾರ ಅಮ್ಮ ನಾಕು ಗುಳಗಿ ನುಂಗ್ತಿರಲಿಲ್ಲ" ಎಂದರು. ಆಯಾ ಕೂತಲ್ಲಿಂದಲೇ, "ಗಂಗವ್ವಗ ಓದಾಕ ಬರತೈತೇನು ಅಂತ ಯಾರರ ಕೇಳಿದ್ರೇನು? ನಾ ಸುಮ್ಮ ಕೇಳಿದೆ, ಮುಲ್ಕಿ ಪಾಸ್ ಅಂತ ಅಕಿ!" ಎಂದಳು. ಕೋಣೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ, ತುಟಿ ಬಿರಿದು ಉರಿಯಿತು.

"ಹಂಗಾರ ಹ್ಯಾಂಗ ಹೇಳಬೇಕು ನೀವ ಹೇಳ್ರಿ" ಎಂದು ಡಾಕ್ಟರ್ ಬಾಯಿ ನನಗೇ ಕೇಳಿದರು.

"ನೀವು ಹೇಳೂದು ಆಮ್ಯಾಲ್ರಿ" ಎಂದೆ. "ಮೊದಲ ನಮ್ಮನ್ನ ಕೇಳ್ರಿ, ವಾರದಾಗ ಯಾವ್ಯಾವ ದಿನಾ ಏನೇನು ಮಾಡ್ತೀರಿ ಅಂತ. ಆಮ್ಯಾಲ ಗುಳಗಿ ಯಾವ ದಿನಾ ಅಂತ ನಮ್ಮ ಬಾಯಿಂದ ಹೇಳಸ್ರಿ."

ಅದನ್ನೂ ಬರೆದುಕೊಂಡರು. ಅಂದಿನಿಂದ ಹಳದಿ ಗುಳಿಗೆ ಬೇರೆ ಬಣ್ಣದ ಚೀಲದಲ್ಲಿ, ನಾಲ್ಕೇ ನಾಲ್ಕು, ಮೇಲೆ ವಾರದ ಹೆಸರು ಕನ್ನಡದಲ್ಲಿ. ಕಮಲಾ ಸಿಸ್ಟರ್ ಕೆಲಸ ಹೋಗಲಿಲ್ಲ. ಹುಸೇನಬಿಗೆ ನಾಲಿಗೆ ಮೇಲೆ ಎರಡು ಗುಳ್ಳೆ ಎದ್ದು ಅಷ್ಟಕ್ಕೇ ವಾಸಿಯಾದವು.

ಆದರೆ ಆ ಕೂಟ ನಡೆದದ್ದು ದವಾಖಾನೆಯ ಗೇಟಿನ ಒಳಗೆ. ಅಣ್ಣ ಬಂದು ಊರಿಗೆ ಕರೆದೊಯ್ದ. ಬಸ್ಸಿನಲ್ಲಿ ಅವನಿಗೆಲ್ಲ ಹೇಳಿದೆ. "ಹೌದೇನು" ಎಂದ, ಕಿಟಕಿಯಾಚೆ ನೋಡುತ್ತ. ಬಿಡುಗಡೆಯ ಕಾಗದ ಇಂಗ್ಲಿಷಿನಲ್ಲಿತ್ತು, ಅದನ್ನು ಯಾರಿಗೆ ತೋರಿಸಲಿ? ಕೋಣೆಯ ಮಾಡದಲ್ಲಿ ಜರ್ಮನ್ ತಾಟು ಹಾಗೇ ಕಾಯುತ್ತಿತ್ತು. ವೈನಿ ಊಟ ಹೊಸ್ತಿಲ ಮೇಲೆ ಇಟ್ಟಳು. ಗುಳಿಗೆ ಹೆಚ್ಚಾಗಿ ಹೀಗಾಯಿತು ಎಂದು ನಾನೇ ಹೇಳಿದರೆ, ಅವಳಾದರೂ ಯಾಕೆ ನಂಬಬೇಕು? ಮುಚ್ಚಿಡುವವರು ಹೇಳುವುದೂ ಅದನ್ನೇ ಅಲ್ಲವೇ? ಆ ಬೇನೆ ಇದ್ದವರಿಗೂ ತಾಟು ಬೇರೆ ಇಡುವ ಕಾರಣವಿಲ್ಲ ಎಂದು ಡಾಕ್ಟರ್ ಬಾಯಿ ನನಗೆ ಹೇಳಿದ್ದರು. ಇಳಕಲ್ಲಿನಲ್ಲಿ ಇನ್ನೆಷ್ಟು ಮನೆಯ ಮಾಡದಲ್ಲಿ ಇಂಥ ತಾಟು ಇವೆಯೋ ಎಂದು ನೆನೆದು ಒಂದು ದಿನ ಒಬ್ಬಳೇ ಕೂತು ಅತ್ತೆ. ಬಾಯಿ ವಾಸಿಯಾಗಿತ್ತು, ಮಾತಾಡಲು ಯಾರೂ ಇರಲಿಲ್ಲ.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಅಣ್ಣನ ಮನೆಯ ಮುಂದೆ ಕಮಲಾ ಸಿಸ್ಟರ್ ಬಂದು ನಿಂತರು. ದವಾಖಾನೆಯ ಬಿಳಿ ಸೀರೆಯಲ್ಲ, ನಮ್ಮ ಇಳಕಲ್ಲಿನದೇ ಹಸಿರು ಸೀರೆ. ಮಗ್ಗದ ಪಕ್ಕ ಚಾಪೆ ಹಾಸಿದೆವು. ವೈನಿ ಚುರುಮರಿ ಸೂಸಲ ಮಾಡಿ ತಂದಳು. ಅಣ್ಣನಿಗೆ, ಸಿಸ್ಟರಿಗೆ ಸ್ಟೀಲಿನ ತಾಟು. ನನ್ನ ಮುಂದೆ, ಒಂದು ಗೇಣು ದೂರದಿಂದ ತಳ್ಳಿ, ಜರ್ಮನ್ ತಾಟು.

ಸಿಸ್ಟರ್ ಅದನ್ನು ನೋಡಿದರು. ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ, ನನ್ನ ಕಾಟಿನ ಪಕ್ಕ ಯಾರೂ ಬಾರದ್ದನ್ನು ಕಂಡವರು. ಏನೂ ಅನ್ನದೆ ತಮ್ಮ ಸ್ಟೀಲಿನ ತಾಟು ನನ್ನ ಕಡೆ ಸರಿಸಿ, ನನ್ನದನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು ತಿನ್ನತೊಡಗಿದರು. ಮಗ್ಗ ಬಿಟ್ಟು ಏಳದಿದ್ದ ಅಣ್ಣನ ಲಾಳಿ ನಿಂತಿತು.

"ವೈನಿಯಾರ" ಎಂದರು, ಎರಡು ತುತ್ತು ತಿಂದ ಮೇಲೆ. "ಇವ್ರಿಗೆ ಗುಳಗಿ ತಪ್ಪು ಹೇಳಿದಾಕಿ ನಾನ. ಇವ್ರಿಗೆ ಬ್ಯಾರೆ ಏನೂ ಇರಲಿಲ್ಲ, ಈಗೂ ಇಲ್ಲ. ನಾ ಹೇಳಿದಂಗ ಒಂದು ದಿನಾನೂ ತಪ್ಪದ ನುಂಗಿದ್ರು, ಅದಕ್ಕ ಸಾಯೂ ಹಂಗಾದ್ರು."

ವೈನಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಅಯ್ಯ ಶಿವನ... ಇದನ್ನ ಹೇಳಾಕ ಅಷ್ಟು ದೂರದಿಂದ ಬಂದ್ರೇನು?"

"ಹೂನ್ರಿ. ನಮ್ಮ ದವಾಖಾನ್ಯಾಗ ಯಾರು ಅಂತ ಯಾರೂ ಕೇಳಲಿಲ್ಲ. ಇಲ್ಲೆ ಕೇಳ್ತಿರ್ತಾರ ಅಂತ ಗೊತ್ತಿತ್ತು, ಅದಕ್ಕ ಬಂದೆ." ತಾಟಿನಲ್ಲಿದ್ದದ್ದನ್ನು ಪೂರ್ತಿ ತಿಂದು, ಬೆರಳು ನೆಕ್ಕಿ, "ಇನ್ನೊಂದೀಟು ಹಾಕ್ರಿ, ಭಾಳ ಛಲೋ ಆಗೇತಿ" ಎಂದು ಅದೇ ತಾಟನ್ನು ವೈನಿಯ ಕಡೆ ಚಾಚಿದರು. ವೈನಿ ಒಂದು ಗಳಿಗೆ ನಿಂತಳು. ಆಮೇಲೆ ಬಂದು ಅದನ್ನು ಕೈಯಲ್ಲಿ ತೆಗೆದುಕೊಂಡಳು.

ಬಸ್ ಸ್ಟ್ಯಾಂಡಿನ ತನಕ ನಾನು ಜೊತೆಗೆ ಹೋದೆ. "ಎರಡು ದಿನಾ ವಾರ್ಡಿಗೆ ಬರಲಿಲ್ಲ, ಸಿಟ್ಟು ಬಂದಿತ್ತೇನ್ರಿ ನನ್ನ ಮ್ಯಾಲ?" ಎಂದು ಕೇಳಿದೆ. "ನಿಮ್ಮ ಬಾಯಿಗೆ ಚಮಚಿ ಇಡಾಕ ಕೈ ಬರಲಿಲ್ಲಕ್ಕಾ" ಎಂದರು. ಬಸ್ಸು ಬರುವ ತನಕ ಇಬ್ಬರೂ ಕೈ ಕೈ ಹಿಡಿದು ನಿಂತಿದ್ದೆವು. ನನ್ನ ಬೆರಳು ಬಾತಿದ್ದವು, ಅವರು ಹಗೂರ ಹಿಡಿದಿದ್ದರು.

ವೈನಿ ನನಗೆ ಯಾವತ್ತೂ ಏನೂ ಹೇಳಲಿಲ್ಲ. ತಪ್ಪಾಯಿತು ಎಂದೂ ಇಲ್ಲ, ಯಾರು ಮಾತು ಹಬ್ಬಿಸಿದರು ಎಂದೂ ಇಲ್ಲ. ಅವತ್ತು ರೊಟ್ಟಿಗೆ ಒಳಗೆ ಕರೆದಳು, ಎಲ್ಲರ ಜೊತೆ ಕೂತೆ. ಮರುದಿನ ಮುಂಜಾನೆ ಎದ್ದು ನೋಡಿದರೆ ಮಾಡ ಖಾಲಿ ಇತ್ತು. ನೀರು ಕುಡಿಯಲೆಂದು ಅಡುಗೆಮನೆಗೆ ಹೋದೆ. ಮನೆಮಂದಿಯೆಲ್ಲ ಕುಡಿಯುವ ನೀರಿನ ಕೊಡದ ಬಾಯಿಗೆ ಜರ್ಮನ್ ತಾಟು ಮುಚ್ಚಿತ್ತು. ಯಾರು ಇಟ್ಟರು ಎಂದು ನಾನು ಕೇಳಲಿಲ್ಲ. ತಾಟು ಸರಿಸಿ, ತಂಬಿಗೆ ಅದ್ದಿ, ನಿಂತಲ್ಲೇ ಹೊಟ್ಟೆ ತುಂಬ ನೀರು ಕುಡಿದೆ.